ಹುಡುಗರಿಗೆಂದು ಮಾಡಿದ ಕಾರು, ಅಪ್ಪನಿಗೆ ಹಿಡಿಸಿತು

"ಸಯಾನ್ ಅಂದ್ರೆ ಏನಮ್ಮಾ?"

2006ರ ಬೇಸಿಗೆ. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲಿ ಅಪ್ಪ ಸಾಮಾನಿನ ಟ್ರಾಲಿಯನ್ನು ಅಲ್ಲೇ ನಿಲ್ಲಿಸಿ, ನನ್ನ ಕಾರಿನ ಬೆನ್ನ ಮೇಲಿದ್ದ ಐದು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದರು.

ಶ್ರೀನಿವಾಸಪುರದ ಮಾವಿನ ತೋಪಿನವರಿಗೆ ಈ ಪದದ ಅರ್ಥ ಹೇಳುವುದು ಕಷ್ಟವಲ್ಲ. "ಕಸಿ ಕಟ್ಟೋಕೆ ಒಳ್ಳೆ ಮರದಿಂದ ಕುಯ್ಕೊಂಡು ಬರ್ತೀವಲ್ಲ, ಆ ಕುಡಿ" ಅಂದೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಎರಡರ್ಥ. ಒಂದು ಕಸಿಯ ಕುಡಿ, ಇನ್ನೊಂದು ವಂಶದ ಕುಡಿ. ನಮ್ಮಲ್ಲೂ ಎರಡಕ್ಕೂ ಒಂದೇ ಮಾತಿದೆ ಅನ್ನುವುದು ನನಗೆ ಹೊಳೆದದ್ದು ಆ ಪಾರ್ಕಿಂಗ್‌ನಲ್ಲೇ.

"ಕುಡಿ ಇದಾದ್ರೆ ಬುಡ ಯಾರದು?"

"ಟೊಯೊಟಾದ್ದು."

"ಓ, ಕ್ವಾಲಿಸ್‌ನೋರು" ಅಂದು ಅಪ್ಪ ಸಮಾಧಾನದಿಂದ ಎಡಗಡೆಯ ಬಾಗಿಲು ತೆಗೆದರು. ಅಲ್ಲಿ ಸ್ಟೇರಿಂಗ್ ಇತ್ತು.

ಅಪ್ಪನ ಆ ಒಂದು ಮಾತಿನಲ್ಲಿ ಸಯಾನ್ ಹುಟ್ಟಿದ್ದು ಯಾಕೆ ಅನ್ನುವುದೂ ಇತ್ತು. ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಹೊರಟ ಕ್ವಾಲಿಸ್ ನಮ್ಮ ಕಡೆ ಏನೆಂದು ಹೆಸರಾಯಿತು? ಧರ್ಮಸ್ಥಳಕ್ಕೆ ಹೋಗುವ ಬಾಡಿಗೆ ಗಾಡಿ, ಬೆಂಗಳೂರಿನ ಕಾಲ್ ಸೆಂಟರ್ ಮಕ್ಕಳನ್ನು ಅಪರಾತ್ರಿಯಲ್ಲಿ ಮನೆಗೆ ಬಿಡುವ ಗಾಡಿ. ನಂಬಿಕಸ್ಥ, ಕೆಡುವುದಿಲ್ಲ, ಅಷ್ಟೆ. ಅದನ್ನು ನೋಡಿ ಯಾವ ಹುಡುಗನ ಎದೆಯೂ ಡವಡವ ಅನ್ನಲಿಲ್ಲ. ಅಮೆರಿಕದಲ್ಲೂ ಕಥೆ ಅದೇ, ಗಾಡಿ ಮಾತ್ರ ಬೇರೆ. ಅಲ್ಲಿ ಟೊಯೊಟಾ ಅಂದರೆ ಕ್ಯಾಮ್ರಿ, ಕ್ಯಾಮ್ರಿ ಅಂದರೆ ಅಪ್ಪನ ಕಾರು. ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದ ದಿನ ಶಾಲೆಯ ಮೈದಾನದಲ್ಲಿ ನಿಂತಿರುತ್ತಿದ್ದ ಕಾರುಗಳ ಸಾಲು ನೋಡಿದರೆ ಸಾಕಿತ್ತು: ಬೂದಿ ಬಣ್ಣದ ಕ್ಯಾಮ್ರಿ, ಬೆಳ್ಳಿ ಬಣ್ಣದ ಕ್ಯಾಮ್ರಿ, ನಡುವೆ ಒಂದು ಅಕಾರ್ಡ್, ಮತ್ತೆ ಕ್ಯಾಮ್ರಿ. ತಮ್ಮದು ಯಾವುದೆಂದು ಗೊತ್ತಾಗದೆ ಜನ ರಿಮೋಟ್ ಒತ್ತಿ ದೀಪ ಮಿನುಗಿಸಿ ಹುಡುಕಿಕೊಳ್ಳುತ್ತಿದ್ದರು.

ಕಂಪನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. 1980ರ ನಂತರ ಹುಟ್ಟಿದ ಆರು ಕೋಟಿಗೂ ಹೆಚ್ಚು ಮಕ್ಕಳು ಕಾರು ಕೊಳ್ಳುವ ವಯಸ್ಸಿಗೆ ಬರುತ್ತಿದ್ದರು. ಅವರಿಗೆಂದು 1999ರಲ್ಲಿ 'ಜೆನೆಸಿಸ್' ಅನ್ನುವ ಹೆಸರಿನಲ್ಲಿ ಒಂದು ಪ್ರಯತ್ನ ನಡೆದಿತ್ತು. ಎಕೊ ಎಂಬ ಪುಟ್ಟ ಕಾರು, ಹೊಸ ಸೆಲಿಕಾ, ಎಂಆರ್2 ಸ್ಪೈಡರ್, ಈ ಮೂರನ್ನು ಯುವಕರ ಮುಂದೆ ಇಟ್ಟರು. ಎರಡೇ ವರ್ಷದಲ್ಲಿ ಅಂಗಡಿ ಮುಚ್ಚಿತು. ಕಾರು ಬೇರೆಯಾದರೂ ಬೋರ್ಡು ಅದೇ ಆಗಿದ್ದರೆ ಹುಡುಗರು ಒಳಗೆ ಬರುವುದಿಲ್ಲ ಅನ್ನುವ ಪಾಠ ಅದರಿಂದ ಸಿಕ್ಕಿತು. ಹಿಂದೆ ದುಡ್ಡಿದ್ದವರಿಗಾಗಿ ಲೆಕ್ಸಸ್ ಅನ್ನುವ ಬೇರೆ ಮನೆ ಕಟ್ಟಿ ಗೆದ್ದಿದ್ದರು. ಈಗ ದುಡ್ಡಿಲ್ಲದವರಿಗಾಗಿ ಇನ್ನೊಂದು. 2002ರ ನ್ಯೂಯಾರ್ಕ್ ವಾಹನ ಪ್ರದರ್ಶನದಲ್ಲಿ ಹೆಸರು ಹೊರಬಿತ್ತು: ಸಯಾನ್.

ಆದರೆ ಮಾರಾಟ ಶುರುವಾದದ್ದು ನ್ಯೂಯಾರ್ಕಿನಲ್ಲಿ ಅಲ್ಲ. 2003ರ ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾ ಒಂದರಲ್ಲೇ, 105 ಟೊಯೊಟಾ ಶೋರೂಮುಗಳ ಒಂದೊಂದು ಮೂಲೆಯಲ್ಲಿ, ಎರಡೇ ಎರಡು ಮಾದರಿಗಳೊಂದಿಗೆ. ಉಳಿದ ಅಮೆರಿಕ ಕಾಯಬೇಕಾಯಿತು. ದಕ್ಷಿಣ ಮತ್ತು ಪೂರ್ವ ಕರಾವಳಿಗೆ ಅದು ಹೋದದ್ದು 2004ರ ಫೆಬ್ರವರಿಯಲ್ಲಿ, ಇಡೀ ದೇಶಕ್ಕೆ ಅದೇ ಜೂನ್‌ನಲ್ಲಿ.

ಊರಲ್ಲಿ ಕೂತು ನೋಡುವಾಗ ಅಮೆರಿಕ ಅಂದರೆ ಒಂದೇ ಮಾರುಕಟ್ಟೆ ಅನ್ನಿಸುತ್ತದೆ. ಇಲ್ಲಿ ಬಂದ ಮೇಲೆ ಗೊತ್ತಾಗುವುದು, ಕಾರಿನ ವಿಷಯದಲ್ಲಿ ಇದು ರಾಗಿ ಸೀಮೆ, ಜೋಳದ ಸೀಮೆ, ಅಕ್ಕಿ ಸೀಮೆ ಇದ್ದ ಹಾಗೆ ಎಂದು. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿರುವ ನನ್ನ ಗೆಳತಿಯ ಬೀದಿಯಲ್ಲಿ ಮನೆಗೊಬ್ಬರು ಫೋರ್ಡ್, ಜಿಎಂ ಅಥವಾ ಕ್ರೈಸ್ಲರ್‌ನಲ್ಲಿ ದುಡಿಯುವವರು. ನೌಕರರಿಗೆ, ಅವರ ಬಂಧುಗಳಿಗೆ ರಿಯಾಯಿತಿ ದರ. ಅಲ್ಲಿ ಜಪಾನಿನ ಕಾರು ತಂದು ಮನೆ ಮುಂದೆ ನಿಲ್ಲಿಸುವುದು ಕಬ್ಬಿಣ ಕಾಯಿಸುವ ಊರಿಗೆ ಹೋಗಿ ಪ್ಲಾಸ್ಟಿಕ್ ಮಾರಿದ ಹಾಗೆ. ಟೆಕ್ಸಸ್‌ನಲ್ಲಿ ಪಿಕಪ್ ಟ್ರಕ್ಕಿನದೇ ದರ್ಬಾರು. ಕ್ಯಾಲಿಫೋರ್ನಿಯಾ ಮಾತ್ರ ಬೇರೆ. ಟೊಯೊಟಾ ಈ ದೇಶದಲ್ಲಿ 1957ರಲ್ಲಿ ಮೊದಲ ಕಚೇರಿ ತೆರೆದದ್ದೇ ಹಾಲಿವುಡ್‌ನಲ್ಲಿ. ನಂತರ ಅದರ ಮುಖ್ಯ ಕಚೇರಿ ಲಾಸ್ ಏಂಜಲೀಸ್ ಪಕ್ಕದ ಟಾರನ್ಸ್‌ನಲ್ಲಿ ನೆಲೆನಿಂತಿತು. ಇಲ್ಲಿನವರಿಗೆ ಜಪಾನಿನ ಕಾರು ಹೊರಗಿನದ್ದು ಅನ್ನಿಸಿಯೇ ಇರಲಿಲ್ಲ.

ಹವೆಯದೂ ಒಂದು ಪಾತ್ರವಿದೆ, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹಿಮ ಬೀಳುವ ರಾಜ್ಯಗಳಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಕಾರಿನ ಹೊಟ್ಟೆ ತುಕ್ಕು ಹಿಡಿಯುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಆ ಕಾಟವಿಲ್ಲ. ಹಳೆಯ ಹೋಂಡಾ ಸಿವಿಕ್ ತಂದು, ನೆಲಕ್ಕೆ ತಾಗುವ ಹಾಗೆ ಇಳಿಸಿ, ಚಕ್ರ ಬದಲಿಸಿ, ಡಿಕ್ಕಿ ತುಂಬ ಸ್ಪೀಕರ್ ಹೂಡಿ, ಬಣ್ಣ ಬಳಿದು ಶನಿವಾರ ಸಂಜೆ ಮೆರವಣಿಗೆ ಹೊರಡಿಸುವ ಹುಡುಗರು ಅಲ್ಲಿ ಬೀದಿಗೊಬ್ಬರು. 2001ರಲ್ಲಿ ಬಂದ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಚಿತ್ರದ ಬೀದಿಗಳೂ ಅವೇ. ಕಾರಿಗಿಂತ ಕಾರಿನ ಸಿಂಗಾರಕ್ಕೇ ಇವರು ಹೆಚ್ಚು ಸುರಿಯುತ್ತಿದ್ದರು. ಆ ದುಡ್ಡು ಕಂಪನಿಯ ಕಣ್ಣಿಗೆ ಬಿತ್ತು. ಕಾರನ್ನು ಅಗ್ಗವಾಗಿ, ಒಂದೇ ನಮೂನೆಯಲ್ಲಿ ಕೊಡೋಣ, ಸಿಂಗಾರದ ಸಾಮಾನೆಲ್ಲ ನಮ್ಮ ಕೌಂಟರಿನಲ್ಲೇ ಇರಲಿ ಅನ್ನುವುದು ಲೆಕ್ಕ.

ಬಂದ ಎರಡು ಕಾರುಗಳೂ ನಿಜಕ್ಕೆ ಹೊಸವಲ್ಲ, ಜಪಾನಿನಲ್ಲಿ ಬೇರೆ ಹೆಸರಿನಲ್ಲಿ ಓಡುತ್ತಿದ್ದವೇ. ಇಸ್ಟ್ ಅನ್ನುವುದು ಇಲ್ಲಿ ಎಕ್ಸ್‌ಎ ಆಯಿತು, ಬಿಬಿ ಅನ್ನುವುದು ಎಕ್ಸ್‌ಬಿ ಆಯಿತು. ಎಕ್ಸ್‌ಬಿ ಹೇಗಿತ್ತೆಂದು ಹೇಳಲು ಅಮೆರಿಕದ ಪತ್ರಿಕೆಗಳು ಬ್ರೆಡ್ ಸುಡುವ ಟೋಸ್ಟರ್‌ನ ಹೋಲಿಕೆ ಕೊಟ್ಟವು. ಅಪ್ಪ ನೋಡಿದ ತಕ್ಷಣ "ಬೀರು ಮಲಗಿಸಿದಂಗಿದೆ" ಅಂದರು. ನಮ್ಮ ವ್ಯಾಗನ್ ಆರ್ ನೆನಪಿಸಿಕೊಳ್ಳಿ, ಅದನ್ನು ಇನ್ನಷ್ಟು ಉದ್ದಗಲ ಎಳೆದು, ಮೂಲೆಗಳನ್ನು ಮಟ್ಟಗೋಲಿಟ್ಟು ತಿದ್ದಿದರೆ ಎಕ್ಸ್‌ಬಿ. ನಮ್ಮಲ್ಲಿ ಸ್ಯಾಂಟ್ರೊ, ವ್ಯಾಗನ್ ಆರ್‌ಗಳಿಂದಾಗಿ ಎತ್ತರದ ಡಬ್ಬಿ ಕಾರು ಅಂದರೆ ಸಂಸಾರಸ್ಥರದ್ದು ಅಂತಲೇ ರೂಢಿ. ಇಲ್ಲಿ ಅದೇ ಆಕಾರ ಬಂಡಾಯದ ಗುರುತಾಯಿತು. 1.5 ಲೀಟರಿನ ಎಂಜಿನ್, 108 ಅಶ್ವಶಕ್ತಿ, ನಾಲ್ಕು ಮೀಟರಿಗಿಂತ ತುಸು ಕಡಿಮೆ ಉದ್ದ, ಬೆಲೆ 14,000 ಡಾಲರ್ ಆಸುಪಾಸು. ಏಸಿ, ಪವರ್ ಕಿಟಕಿ, ಎಬಿಎಸ್, ಪಯೊನಿಯರ್ ಸ್ಟೀರಿಯೊ ಎಲ್ಲ ಅದರಲ್ಲೇ ಸೇರಿ.

ನಾನು ಕೊಂಡದ್ದು 2005ರಲ್ಲಿ. ಸ್ಯಾನ್ ಹೋಸೆಯಲ್ಲಿ ಎಂ.ಎಸ್. ಮುಗಿಸಿ ಮೊದಲ ಕೆಲಸಕ್ಕೆ ಸೇರಿದ್ದೆ. ವಯಸ್ಸು 26. ಕಂಪನಿಯವರು ಗೋಡೆಗೆ ಅಂಟಿಸಿಕೊಂಡಿದ್ದ ಗಿರಾಕಿಯ ಚಿತ್ರ ಯಾವುದೋ, ಹೆಚ್ಚುಕಡಿಮೆ ಅದು ನಾನೇ. ಚೌಕಾಸಿಗೆಂದು ಹಾಸನದ ಗೆಳೆಯನೊಬ್ಬನನ್ನು ಜೊತೆಗೆ ಕರೆದೊಯ್ದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಪಳಗಿದವನು. ಮೊದಲ ಬೆಲೆಗೆ ಅವನು ಒಂದು ಪೆನ್ನನ್ನೂ ಕೊಂಡವನಲ್ಲ. ಅಲ್ಲಿ ಅವನ ವಿದ್ಯೆ ಕೆಲಸಕ್ಕೆ ಬರಲಿಲ್ಲ. ಸಯಾನ್‌ನವರದು 'ಪ್ಯೂರ್ ಪ್ರೈಸ್' ಪದ್ಧತಿ. ಶೋರೂಮು ಹಾಕಿದ ಬೆಲೆ ಕಾರಿನ ಪಕ್ಕದಲ್ಲೇ ಬರೆದಿರುತ್ತದೆ, ಏರಿಳಿತವಿಲ್ಲ. ಕಾರು ಮಾರುವವರ ಜೊತೆ ಗುದ್ದಾಡುವುದನ್ನು ಯುವಕರು ದ್ವೇಷಿಸುತ್ತಾರೆ ಅನ್ನುವುದು ಇದರ ಹಿಂದಿನ ತರ್ಕ. ಗೆಳೆಯ ಎದ್ದು ಹೊರಟಂತೆ ನಟಿಸಿದ, ವಾಪಸ್ ಬಂದ, ಮತ್ತೆ ಎದ್ದ. ಮಾರುವ ಹುಡುಗಿ ನಗುತ್ತಲೇ ಕಾಫಿ ತಂದಿಟ್ಟಳು. ಕೊನೆಗೆ "ಮ್ಯಾಟ್ ಆದ್ರೂ ಫ್ರೀ ಕೊಡಿ" ಅಂದ. ಮ್ಯಾಟ್ ಆಗಲೇ ಕಾರಿನೊಳಗಿತ್ತು. ಅವನಿಗಾದ ಅವಮಾನ ಇವತ್ತಿಗೂ ಆರಿಲ್ಲ.

ಬಣ್ಣದ ಹೆಸರು 'ಥಂಡರ್ ಕ್ಲೌಡ್', ಅಂದರೆ ಕಾರ್ಮೋಡ. ಬೂದಿಯೇ, ಆದರೆ ಕ್ಯಾಮ್ರಿಯ ಬೂದಿಯಲ್ಲ ಅಂತ ನನ್ನನ್ನು ನಾನೇ ಒಪ್ಪಿಸಿಕೊಂಡೆ.

ಟೀವಿಯಲ್ಲಿ ಸಯಾನ್ ಜಾಹೀರಾತು ನೋಡಿದ ನೆನಪು ನನಗಿಲ್ಲ. ಕಂಪನಿಯವರು ಬೇಕೆಂದೇ ಆ ದಾರಿಯನ್ನು ಬಹುಮಟ್ಟಿಗೆ ಬಿಟ್ಟಿದ್ದರು. ಹುಡುಗರು ಸೇರುವ ಕಡೆ ಕಾರು ನಿಲ್ಲಿಸುವುದು, ಹೆಸರಿಲ್ಲದ ಸಂಗೀತಗಾರರ ಹಾಡುಗಳಿಗೆ ದುಡ್ಡು ಹಾಕುವುದು, ಬೀದಿ ಚಿತ್ರಕಾರರಿಗೆ ಪ್ರದರ್ಶನ ಏರ್ಪಡಿಸುವುದು, ಇದು ಅವರ ಪ್ರಚಾರ. ಲಾಸ್ ಏಂಜಲೀಸ್ ಬಳಿಯ ಕಲ್ವರ್ ಸಿಟಿಯಲ್ಲಿ ಒಂದು ಕಲಾ ಗ್ಯಾಲರಿಯನ್ನೇ ನಡೆಸುತ್ತಿದ್ದರು. ಮುಂದೆ ಹೆವಿ ಮೆಟಲ್ ಹಬ್ಬವನ್ನೂ ಮಾಡಿದರು. ಈ ಆರಂಭದ ವರ್ಷಗಳಲ್ಲಿ ಸಯಾನ್ ನಡೆಸಿದವರ ಪೈಕಿ ಇಬ್ಬರ ಹೆಸರು ನೆನಪಿಡುವಂಥದ್ದು. ಒಬ್ಬರು ಜಿಮ್ ಲೆಂಟ್ಜ್. ಇನ್ನೊಬ್ಬರು ಜಿಮ್ ಫಾರ್ಲಿ, 2007ರಲ್ಲಿ ಫೋರ್ಡ್‌ಗೆ ಹೋಗಿ 2020ರಲ್ಲಿ ಅದರ ಮುಖ್ಯಸ್ಥರಾದವರು. ಲೆಂಟ್ಜ್ ಹೆಸರು ಈ ಕಥೆಯ ಕೊನೆಯಲ್ಲಿ ಮತ್ತೆ ಬರುತ್ತದೆ.

ಏರಿದ ವೇಗ ನೋಡಿ. 2004ರಲ್ಲಿ ಸುಮಾರು 99,000 ಕಾರು. 2005ರಲ್ಲಿ 1,56,000. 2006ರಲ್ಲಿ 1,73,000. ಹೆಚ್ಚು ಮಾರಿದ್ದು 2004ರಲ್ಲಿ ಬಂದ ಎರಡು ಬಾಗಿಲಿನ ಟಿಸಿ. ಗಾಜಿನ ಮಾಳಿಗೆಯ ಆ ಕಾರು 17,000 ಡಾಲರಿನೊಳಗೇ ಸಿಗುತ್ತಿತ್ತು. ನಮ್ಮ ಆಫೀಸಿನ ಪಾರ್ಕಿಂಗ್‌ನಲ್ಲೇ ಮೂರು ಟಿಸಿ ಇದ್ದವು, ಮೂರಕ್ಕೂ ಮೂವತ್ತರೊಳಗಿನವರೇ ಯಜಮಾನರು. ಎಲ್ಲ ಲೆಕ್ಕದಂತೆಯೇ ನಡೆಯುತ್ತಿತ್ತು ಅನ್ನಬೇಕು, ಆದರೆ ಎಕ್ಸ್‌ಬಿ ಬೇರೆ ದಾರಿ ಹಿಡಿದಿತ್ತು.

ಅದನ್ನು ಮೊದಲು ತೋರಿಸಿಕೊಟ್ಟವರು ನಮ್ಮ ಅಪ್ಪ. ಆಗ ಅವರಿಗೆ 66. ತೋಪಿನಲ್ಲಿ ಏಣಿ ಹತ್ತಿಳಿದು ಮಂಡಿ ಸವೆದಿತ್ತು. ಗೆಳೆಯನ ಕ್ಯಾಮ್ರಿಯಲ್ಲಿ ಕೂರಬೇಕಾದರೆ ತಲೆ ಬಗ್ಗಿಸಿ, ಒಂದು ಕೈ ಬಾಗಿಲಿಗೆ, ಒಂದು ಕೈ ಸೀಟಿಗೆ ಕೊಟ್ಟು, "ಯಪ್ಪಾ" ಅನ್ನದೆ ಆಗುತ್ತಿರಲಿಲ್ಲ. ನನ್ನ ಎಕ್ಸ್‌ಬಿಯಲ್ಲಿ ಹಾಗಲ್ಲ. ಬಾಗಿಲು ತೆಗೆದು, ಜಗುಲಿ ಮೇಲೆ ಕೂರುವ ಹಾಗೆ ಹಿಂದಕ್ಕೆ ಕೂತು, ಪಂಚೆ ಸರಿಮಾಡಿಕೊಂಡು ಕಾಲು ಒಳಗೆಳೆದುಕೊಂಡರೆ ಮುಗಿಯಿತು. ಸೀಟು ಅಷ್ಟು ಹದವಾದ ಎತ್ತರದಲ್ಲಿತ್ತು. ತಲೆಯ ಮೇಲೆ ಇನ್ನೊಂದು ಪೇಟ ಸುತ್ತುವಷ್ಟು ಜಾಗ. ಆಮೇಲೆ, ಊರಿಗೆ ಮರಳುವವರೆಗೂ, ಅವರು ಬೇರೆ ಯಾರ ಕಾರನ್ನೂ ಹತ್ತಲಿಲ್ಲ. ಇನ್ನೊಂದು ಕಾರಣವೂ ಇತ್ತು. ಎಕ್ಸ್‌ಬಿಯ ಸ್ಪೀಡೋಮೀಟರ್ ಸ್ಟೇರಿಂಗ್ ಹಿಂದೆ ಇರಲಿಲ್ಲ, ಡ್ಯಾಷ್‌ಬೋರ್ಡಿನ ನಡುವೆ ಇತ್ತು. ಹುಡುಗರಿಗೆ ಅದೊಂದು ಸ್ಟೈಲು. ಪಕ್ಕದಲ್ಲಿ ಕೂತ ಅಪ್ಪನಿಗೆ ನನ್ನ ವೇಗದ ಮೇಲೆ ಕಣ್ಣಿಡಲು ಅನುಕೂಲ. "ಎಪ್ಪತ್ತು ದಾಟ್ತು ಕಣಮ್ಮ."

ಅಪ್ಪ ಒಬ್ಬರೇ ಅಲ್ಲ. ಫ್ರೀಮಾಂಟ್‌ನ ನಮ್ಮ ಬೀದಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಎಕ್ಸ್‌ಬಿ ತಂದರು, ನಾಯಿ ಹತ್ತಿಳಿಯಲು ಸುಲಭ ಅಂತ. ದೊಡ್ಡ ಸಂಗೀತವಾದ್ಯ ಹೊರುವವರು, ಹೂವಿನಂಗಡಿಯವರು, ಗಾಲಿಕುರ್ಚಿ ಸಾಗಿಸಬೇಕಾದವರು, ಎಲ್ಲರಿಗೂ ಅದು ಒದಗಿತು. ದೇಶದ ಬೇರೆ ಕಡೆಯೂ ಹೀಗೇ ಆಗುತ್ತಿದೆಯೆಂದು ಪತ್ರಿಕೆಗಳು ಬರೆದವು. ಹುಡುಗರಿಗೆಂದು ಹಾಸಿದ ಚಾಪೆಯ ಮೇಲೆ ಅವರ ಅಪ್ಪ ಅಮ್ಮಂದಿರು ಬಂದು ಕೂತಿದ್ದರು. ಅಗ್ಗ, ಗಟ್ಟಿ, ಮೈಲೇಜು ಚೆನ್ನ, ಮಂಡಿಗೆ ಹಿತ. ಇಪ್ಪತ್ತೆರಡರ ಹುಡುಗನಿಗೆ ಬೇಕಾದ್ದೂ ಇವೇ ನಾಲ್ಕರಲ್ಲಿ ಮೂರು. ಆದರೆ ಅವನ ಬಳಿ ಹೊಸ ಕಾರಿಗೆ ದುಡ್ಡಿಲ್ಲ, ಅರವತ್ತರವರ ಬಳಿ ಇದೆ.

ಇಲ್ಲೇ ನನಗೂ ಕಂಪನಿಗೂ ಭಿನ್ನಾಭಿಪ್ರಾಯ. ಗಿರಾಕಿ ಸಿಕ್ಕಿದ್ದ, ಹುಡುಕುತ್ತಿದ್ದವನಲ್ಲ ಅಷ್ಟೆ. ನಮ್ಮ ಕಡೆ ಆಗಿದ್ದರೆ "ಬಂದೋರು ಬರ್ಲಿ" ಅಂದು ಎಲೆ ಹಾಕುತ್ತಿದ್ದರು. ಸಯಾನ್‌ನವರಿಗೆ ಅದು ಕಸಿವಿಸಿಯಾಯಿತು. 2006ರಲ್ಲಿ, ಮಾರಾಟ ಉತ್ತುಂಗದಲ್ಲಿದ್ದಾಗಲೇ, ಮುಂದಿನ ವರ್ಷ 1,50,000ಕ್ಕಿಂತ ಹೆಚ್ಚು ಮಾರುವುದಿಲ್ಲ, ಎಲ್ಲರ ಬಳಿಯೂ ಇದ್ದರೆ ಅದರ ಗತ್ತು ಹೋಗುತ್ತದೆ ಅಂದರು. ವ್ಯಾಪಾರಿಯೊಬ್ಬ ತಕ್ಕಡಿಯನ್ನು ತಾನೇ ಹಿಡಿದು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಮಿತಿಯನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. 2007ರಲ್ಲಿ ಹೋದದ್ದು ಸುಮಾರು 1,30,000.

ಯಾಕೆಂದರೆ ಅದೇ ವರ್ಷ ಎರಡನೇ ಎಕ್ಸ್‌ಬಿ ಬಂತು. ಅಮೆರಿಕದವರಿಗೆ ದೊಡ್ಡದೇ ಬೇಕು ಅನ್ನುವ ಹಳೆಯ ಲೆಕ್ಕಕ್ಕೆ ಇವರೂ ಬಿದ್ದರು. ಒಂದು ಅಡಿ ಉದ್ದ ಜಾಸ್ತಿ, ಕ್ಯಾಮ್ರಿಯಲ್ಲಿದ್ದ 2.4 ಲೀಟರಿನ ಎಂಜಿನ್, 158 ಅಶ್ವಶಕ್ತಿ. ತೂಕ 250 ಕಿಲೋಗೂ ಹೆಚ್ಚು ಏರಿತು, ಮೈಲೇಜು ಇಳಿಯಿತು, ಮಟ್ಟಗೋಲಿನ ಮೂಲೆಗಳು ದುಂಡಗಾದವು. ಮಾವಿಗೆ ನೀರು ಗೊಬ್ಬರ ಅತಿಯಾದರೆ ಎಲೆ ಚೆನ್ನಾಗಿ ಬರುತ್ತದೆ, ಹೂವು ಬರುವುದಿಲ್ಲ. ನಾನು ಶೋರೂಮಿಗೆ ಹೋಗಿ ಹೊಸದನ್ನು ಒಂದು ಸುತ್ತು ಓಡಿಸಿ ನೋಡಿದೆ. ಒಳ್ಳೆಯ ಕಾರು. ಆದರೆ ಅದರಲ್ಲಿ ಕೂತಾಗ ಯಾರದೋ ಮನೆಗೆ ಬಂದ ಹಾಗಿತ್ತು. ಕೀಲಿ ವಾಪಸ್ ಕೊಟ್ಟು ನನ್ನ ಬೀರು ಹತ್ತಿ ಮನೆಗೆ ಬಂದೆ.

ಮಿಕ್ಕಿದ್ದನ್ನು ಕಾಲವೇ ಮಾಡಿತು. 2008ರ ಬೇಸಿಗೆಯಲ್ಲಿ ಪೆಟ್ರೋಲು ಗ್ಯಾಲನ್‌ಗೆ 4 ಡಾಲರ್ ದಾಟಿತು. ಆಗ ಜನ ಹುಡುಕುತ್ತಿದ್ದದ್ದು ಮೊದಲ ಎಕ್ಸ್‌ಬಿಯಂಥ ಕಾರನ್ನೇ, ಅದನ್ನು ಇವರು ನಿಲ್ಲಿಸಿ ವರ್ಷವಾಗಿತ್ತು. ಬೆನ್ನಿಗೇ ಬ್ಯಾಂಕುಗಳು ಕುಸಿದವು. ಕೆಲಸ ಮೊದಲು ಹೋದದ್ದು, ಕೊನೆಗೆ ಸಿಕ್ಕಿದ್ದು ಹೊಸಬರಿಗೆ. ಕಾಲೇಜಿನ ಸಾಲ ಹೊತ್ತ ಹುಡುಗ ಹೊಸ ಕಾರಿನ ಕಂತು ಎಲ್ಲಿ ಕಟ್ಟುತ್ತಾನೆ? ಅಪ್ಪ ಅಮ್ಮನ ಹಳೆಯ ಕ್ಯಾಮ್ರಿಯೇ ಅವನಿಗೆ ಬಂತು. ಯಾವ ಕಾರಿನಿಂದ ಬಿಡಿಸಿಕೊಳ್ಳಲು ಸಯಾನ್ ಹುಟ್ಟಿತ್ತೋ ಅದೇ ಕಾರು! 2010ರ ಹೊತ್ತಿಗೆ ಮಾರಾಟ 46,000ಕ್ಕಿಂತ ಕೆಳಗೆ ಇಳಿದಿತ್ತು. ಅದೇ ವರ್ಷ ಕೆನಡಾಕ್ಕೆ ಕಾಲಿಟ್ಟರು, ಸಂತೆ ಮುಗಿದ ಮೇಲೆ ಗಂಟು ಬಿಚ್ಚಿದ ಹಾಗೆ.

ನಮ್ಮ ಫ್ರೀಮಾಂಟ್‌ನಲ್ಲಿ ಆ ವರ್ಷ ಬೇರೆಯದೇ ಸುದ್ದಿ. ಟೊಯೊಟಾ ಮತ್ತು ಜಿಎಂ ಜಂಟಿಯಾಗಿ ನಡೆಸಿದ್ದ ಇಲ್ಲಿನ ನುಮಿ ಕಾರ್ಖಾನೆ ಏಪ್ರಿಲ್‌ನಲ್ಲಿ ಮುಚ್ಚಿತು. ಕೊರೊಲ್ಲಾ ತಯಾರಾಗುತ್ತಿದ್ದ ಆ ಕಟ್ಟಡವನ್ನು ಕೊಂಡದ್ದು ಟೆಸ್ಲಾ. ಸಿಲಿಕಾನ್ ಕಣಿವೆಯ ಹುಡುಗರು ಮುಂದೆ ಯಾವ ಕಾರಿನ ಕನಸು ಕಾಣುತ್ತಾರೆ ಅನ್ನುವುದು ನನ್ನ ಮನೆಯಿಂದ ಹತ್ತು ನಿಮಿಷದ ದೂರದಲ್ಲೇ ತೀರ್ಮಾನವಾಗುತ್ತಿತ್ತು, ನನಗೆ ಸುಳಿವೂ ಸಿಗಲಿಲ್ಲ.

ಡಬ್ಬಿ ಕಾರಿನ ಕಾಲ ಮುಗಿದಿತ್ತೇ ಅಂದರೆ ಅದೂ ಅಲ್ಲ. 2009ರಲ್ಲಿ ಬಂದ ಕಿಯಾ ಸೋಲ್ ಎಕ್ಸ್‌ಬಿಯ ಜಾಗದಲ್ಲೇ ಅಂಗಡಿ ಹಾಕಿತು. ಹಾಡಿಗೆ ಕುಣಿಯುವ ಹ್ಯಾಮ್‌ಸ್ಟರ್ ಇಲಿಗಳನ್ನು ಟೀವಿಯಲ್ಲಿ ತೋರಿಸಿ ಎಲ್ಲ ವಯಸ್ಸಿನವರನ್ನೂ ಕರೆಯಿತು. 2011ರಲ್ಲಿ ಆ ಒಂದೇ ಮಾದರಿ ಅಮೆರಿಕದಲ್ಲಿ ಒಂದು ಲಕ್ಷ ದಾಟಿತು, ಸಯಾನ್‌ನ ಎಲ್ಲ ಮಾದರಿಗಳೂ ಕೂಡಿ ಅದರ ಹತ್ತಿರ ಸುಳಿಯಲಿಲ್ಲ. ಸಯಾನ್‌ನವರು ಕೈಕಟ್ಟಿ ಕೂತಿರಲಿಲ್ಲ. ಮೂರು ಮೀಟರ್ ಉದ್ದದ ಐಕ್ಯೂ ತಂದರು. ಸುಬಾರು ಜೊತೆ ಸೇರಿ ಎಫ್‌ಆರ್-ಎಸ್ ಅನ್ನುವ ಚೆಂದದ ಸ್ಪೋರ್ಟ್ಸ್ ಕಾರು ತಂದರು. ಕೊನೆಗೆ ಮಜ್ದಾ ತನ್ನ ಮೆಕ್ಸಿಕೊ ಕಾರ್ಖಾನೆಯಲ್ಲಿ ಮಾಡಿಕೊಟ್ಟ ಐಎ ಬಂತು. ಒಂದಕ್ಕೊಂದು ನೆಂಟಸ್ತಿಕೆಯಿಲ್ಲದ ಸಂಸಾರ.

2016ರ ಫೆಬ್ರವರಿ 3ರಂದು ಟೊಯೊಟಾ ಸಯಾನ್ ಮುಚ್ಚುವುದಾಗಿ ಹೇಳಿತು. ಆ ಹೊತ್ತಿಗೆ ಉತ್ತರ ಅಮೆರಿಕದ ಟೊಯೊಟಾ ಮುಖ್ಯಸ್ಥರಾಗಿದ್ದವರು ಅದೇ ಜಿಮ್ ಲೆಂಟ್ಜ್. ತೊಟ್ಟಿಲು ತೂಗಿದವರೇ ಬಂದು ಸುದ್ದಿ ಹೇಳಬೇಕಾಯಿತು. ಇದು ಸೋಲಲ್ಲ, ಕಲಿತದ್ದೆಲ್ಲ ಟೊಯೊಟಾಕ್ಕೆ ಸೇರುತ್ತದೆ ಅನ್ನುವುದು ಅವರ ಮಾತಿನ ಸಾರ. ಹತ್ತು ಲಕ್ಷಕ್ಕೂ ಹೆಚ್ಚು ಕಾರು ಮಾರಿದ್ದರು. ಕೊಂಡವರಲ್ಲಿ ನೂರಕ್ಕೆ 70 ಮಂದಿ ಮೊದಲ ಸಲ ಟೊಯೊಟಾ ಬಾಗಿಲಿಗೆ ಬಂದವರು. ಗಿರಾಕಿಗಳ ಸರಾಸರಿ ವಯಸ್ಸು 36, ಇಡೀ ಉದ್ಯಮದಲ್ಲೇ ಕಡಿಮೆ. ಕಂಪನಿ ಕೊಟ್ಟ ಈ ಅಂಕಿಗಳನ್ನು ಓದಿದಾಗ ಮುಚ್ಚುವುದು ಯಾಕೆ ಅನ್ನಿಸುತ್ತದೆ. ಹಿಂದಿನ ವರ್ಷದ ಮಾರಾಟ 56,000 ಅನ್ನುವುದನ್ನು ಪಕ್ಕದಲ್ಲಿಟ್ಟು ಓದಬೇಕು. ಉಳಿದ ಕಾರುಗಳು ಹೆಸರು ಬದಲಿಸಿಕೊಂಡು ತವರಿಗೆ ಮರಳಿದವು. ಎಫ್‌ಆರ್-ಎಸ್ ಟೊಯೊಟಾ 86 ಆಯಿತು, ಐಎಂ ಅನ್ನುವ ಇನ್ನೊಂದು ಮಾದರಿ ಕೊರೊಲ್ಲಾ ಐಎಂ ಆಯಿತು, ಐಎ ಯಾರಿಸ್ ಐಎ ಆಯಿತು. ಟಿಸಿ ಒಂದು ನಿಂತೇ ಹೋಯಿತು.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ವಿಷಯ ಹೇಳಿದೆ. ತೋಪಿನಲ್ಲಿ ಆಗ ಹೂವಿನ ಕಾಲ. ಅಪ್ಪ ಜಿಗಿಹುಳುವಿನ ಚಿಂತೆಯಲ್ಲಿದ್ದರು. ಆದರೂ ಕೇಳಿಸಿಕೊಂಡು, "ಗಂಟಿನ ಕೆಳಗೆ ಚಿಗುರು ಬಿಟ್ಕೊಂಡಿರ್ತಾರೆ" ಅಂದರು. ಕಸಿ ಕಟ್ಟಿದವರಿಗೆ ಇದು ಗೊತ್ತು. ಕಸಿ ಗಂಟಿನ ಕೆಳಗೆ, ನಾಟಿ ಬುಡದಿಂದ, ಚಿಗುರು ಬರುತ್ತಲೇ ಇರುತ್ತದೆ. ಚಿವುಟದಿದ್ದರೆ ಸಾರವನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ, ಮೇಲಿನ ಬಾದಾಮಿ ಕುಡಿ ಒಣಗುತ್ತದೆ. ನಾಲ್ಕು ವರ್ಷ ಬಿಟ್ಟು ನೋಡಿದರೆ ತೋಪಿನಲ್ಲಿ ಹುಳಿ ಮಾವಿನ ಮರ. ಕ್ಯಾಮ್ರಿಯ ಎಂಜಿನ್ ಹೊತ್ತ ಎರಡನೇ ಎಕ್ಸ್‌ಬಿಯ ವಿಷಯ ನಾನು ಅವರಿಗೆ ಹೇಳಿಯೇ ಇರಲಿಲ್ಲ.

ನನ್ನ ಕಾರ್ಮೋಡ ಈಗಲೂ ಓಡುತ್ತಿದೆ. ಸಯಾನ್‌ಗಳ ಸರ್ವಿಸ್ ಟೊಯೊಟಾದವರೇ ಮಾಡುತ್ತಾರೆ, ಅದಕ್ಕೇನೂ ತೊಂದರೆಯಿಲ್ಲ. ಈ ಸಲ ಆಯಿಲ್ ಬದಲಿಸಲು ಹೋದಾಗ ಕೌಂಟರಿನಲ್ಲಿ ಹೊಸ ಹುಡುಗನಿದ್ದ. ಕೀಲಿ ತೆಗೆದುಕೊಂಡು ಹೊರಗೆ ಬಂದವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಹೆಸರು ಓದಿದ. ಯಾವ ಕಂಪನಿ ಅಂತ ಕೇಳಿದ. ನಿಮ್ಮದೇ ಅಂದೆ. ಮಾತಿಗೆ ಮಾತು ಬಂದು, ತಾನು ಹುಟ್ಟಿದ್ದು 2003ರಲ್ಲಿ ಅಂದ. ಬಾಗಿಲು ತೆಗೆದು ಹಿಂದಕ್ಕೆ ಕೂತು, ಕಾಲು ಒಳಗೆಳೆದುಕೊಂಡು, ನಡುವಿನ ಸ್ಪೀಡೋಮೀಟರನ್ನು ನೋಡಿ ಕಣ್ಣರಳಿಸಿ, ಈ ಆಕಾರ ಬಹಳ ಚೆನ್ನಾಗಿದೆ, ಹೊಸದಾಗಿ ಬಂದಿರುವ ಎಲೆಕ್ಟ್ರಿಕ್ ಕಾರಾ ಅಂತ ಕೇಳಿದ.

"ಮುಚ್ಚಳ ತೆಗೆದು ಆಯಿಲ್ ಹಾಕು, ಗೊತ್ತಾಗುತ್ತೆ" ಅಂದೆ.